ಸಂಸ್ಥೆಗಳ ಪಟ್ಟಿ ಸಾಕು, ಇಂಟರ್ನ್‌ಗೆ ಕೆಲಸ ಏನು ಅಂತ ಹೇಳಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು ಸಾಮಾಜಿಕ ಸಂಸ್ಥೆಗಳಲ್ಲಿ ಸ್ವಲ್ಪ ಕಾಲ ಇಂಟರ್ನ್ ಆಗಿ ದುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತೇ. ಅದಕ್ಕಾಗಿ ಮಾಡುವುದು ಮಾತ್ರ ಒಂದೇ, ಸಂಸ್ಥೆಗಳ ಹೆಸರು, ಇಮೇಲ್ ವಿಳಾಸ ಹಂಚುವುದು. ಪಟ್ಟಿಗೇನೂ ಬರವಿಲ್ಲ. ಆ ವಿಳಾಸಕ್ಕೆ ಬರೆದರೆ ಎಷ್ಟೋ ಸಲ ಉತ್ತರವೇ ಬರಲ್ಲ, ಬಂದರೂ 'ಯಾವಾಗ ಬೇಕಾದರೂ ಬನ್ನಿ, ನೋಡೋಣ' ಅಂತ ಇರುತ್ತದೆ. ಹೋದ ಮೇಲೆ ಏನು ಮಾಡಬೇಕು ಅಂತ ಹೋದವರಿಗೂ ಗೊತ್ತಿಲ್ಲ, ಕರೆದವರಿಗೂ ಗೊತ್ತಿಲ್ಲ. ಕೊನೆಗೆ ನಾಲ್ಕು ಫೋಟೊ, ಒಂದು ಸರ್ಟಿಫಿಕೇಟ್.

ಪೂರ್ತಿ ತಪ್ಪು ಸಂಸ್ಥೆಗಳದ್ದೇ ಅಂತ ನಾನು ಹೇಳಲ್ಲ. ಎಷ್ಟೋ ಕಡೆ ಮೂರೋ ನಾಲ್ಕೋ ಜನ ಸೇರಿ ಎಲ್ಲವನ್ನೂ ನಡೆಸುತ್ತಿರುತ್ತಾರೆ, ಹೊಸಬರಿಗೆ ಕಲಿಸಲು ಒಬ್ಬರು ಕೂತರೆ ಅವರ ಕೆಲಸ ಅಲ್ಲಿಗೇ ನಿಂತಿತು. ಎರಡು ವಾರಕ್ಕೆ ಅಂತ ಬರುವ ವಿದ್ಯಾರ್ಥಿಗೆ ಜನರ ಮುಖ ಪರಿಚಯ ಆಗುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವ ಕಡೆಯಂತೂ ಇದರಿಂದ ತೊಂದರೆಯೇ ಜಾಸ್ತಿ, ಮಕ್ಕಳು ಹೊಸ ಅಕ್ಕನಿಗೆ ಹೊಂದಿಕೊಳ್ಳುವಾಗಲೇ ಅಕ್ಕ ಹೋಗಿಬಿಡುತ್ತಾಳೆ, ಮುಂದಿನ ತಿಂಗಳು ಇನ್ನೊಬ್ಬಳು ಬರುತ್ತಾಳೆ. ಕಡಿಮೆ ದಿನಕ್ಕೆ ಬರುವವರಿಗೆ ಬೇರೆ ಕೆಲಸ ಕೊಡಿ. ಸಮೀಕ್ಷೆಯ ಫಾರಂಗಳನ್ನು ಕಂಪ್ಯೂಟರಿಗೆ ತುಂಬುವುದು, ದಾನಿಗಳ ಹಳೆಯ ಪಟ್ಟಿ ಸರಿಮಾಡುವುದು, ವರದಿ ಅನುವಾದ ಮಾಡುವುದು. ಬೋರು ಹೊಡೆಯುತ್ತೆ, ನಿಜ. ಆದರೆ ಮುಗಿಯದೆ ಬಿದ್ದಿರುವುದೂ ಅದೇ ಅಲ್ವಾ?

ಇನ್ನು ದುಡ್ಡಿನ ವಿಷಯ. ಎತ್ತಿದರೆ ಸಾಕು, 'ಸೇವೆಗೆ ಬಂದು ದುಡ್ಡು ಕೇಳ್ತೀಯಾ' ಅನ್ನುವ ಹಾಗೆ ನೋಡುತ್ತಾರೆ. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಒಬ್ಬ ಇಂಟರ್ನ್ ಟೆಂಟ್‌ನಲ್ಲಿ ವಾಸ ಮಾಡುತ್ತಿದ್ದ ಸುದ್ದಿ ಎಲ್ಲ ಕಡೆ ಬಂತು. ಜನರ ಗಮನ ಸೆಳೆಯಲೆಂದೇ ಹಾಗೆ ಮಾಡಿದ್ದು ಅಂತ ಆಮೇಲೆ ಅವನೇ ಹೇಳಿದ, ಅದು ಬೇರೆ ಮಾತು. ಅವನಿಗೆ ಸಂಬಳ ಇರಲಿಲ್ಲ ಅನ್ನುವುದಂತೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂಥ ದೊಡ್ಡ ಸಂಸ್ಥೆ ಕೂಡ ತನ್ನ ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡಲು ಶುರು ಮಾಡಿದ್ದು 2020ರಲ್ಲಿ. ಬಿಟ್ಟಿ ದುಡಿಯಲು ಆಗುವುದು ಮನೆಯಿಂದ ಖರ್ಚಿಗೆ ದುಡ್ಡು ಬರುವವರಿಗೆ ಮಾತ್ರ, ಹಾಗಾಗಿ ಬಡತನದ ಬಗ್ಗೆ ಕೆಲಸ ಮಾಡುವ ಸಂಸ್ಥೆಗೆ ಬಡತನ ಕಂಡ ಹುಡುಗ ಹುಡುಗಿಯರೇ ಬರುವುದಿಲ್ಲ. ದೊಡ್ಡ ಮೊತ್ತ ಬೇಡ, ಓಡಾಟ ಮತ್ತು ಊಟದ ಖರ್ಚಾದರೂ ಕೊಡಲಿ.

ಕೆಲಸದಲ್ಲಿರುವವರ ಕಷ್ಟ ಬೇರೆ. ಅವರ ಹತ್ತಿರ ಕೌಶಲ ಇದೆ, ಪುರುಸೊತ್ತಿಲ್ಲ. ಅಮೆರಿಕದಲ್ಲಿ 2001ರಲ್ಲಿ ಶುರುವಾದ ಟ್ಯಾಪ್‌ರೂಟ್ ಫೌಂಡೇಶನ್ ಇಂಥವರನ್ನೇ ಸೇರಿಸಿ, ಡಿಸೈನ್, ಮಾರ್ಕೆಟಿಂಗ್‌ನಂಥ ಅವರವರ ಕೆಲಸವನ್ನೇ ಸಾಮಾಜಿಕ ಸಂಸ್ಥೆಗಳಿಗೆ ಪುಕ್ಕಟೆ ಮಾಡಿಸುತ್ತಾ ಬಂದಿದೆ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗವೂ 2000ದಿಂದಲೇ ಆನ್‌ಲೈನ್‌ನಲ್ಲಿ ದುಡಿಯುವ ಅವಕಾಶ ಕೊಡುತ್ತಿದೆ. ಲೆಕ್ಕ ಬಲ್ಲವರೊಬ್ಬರು ರಜಾದಿನಗಳಲ್ಲಿ ಕೂತು ಒಂದು ಸಂಸ್ಥೆಯ ಲೆಕ್ಕಪತ್ರ ಸರಿಮಾಡಿಕೊಟ್ಟರೆ, ಆಫೀಸಿನವರೆಲ್ಲ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗಿ ಗೋಡೆಗೆ ಬಣ್ಣ ಬಳಿದು ಬರುವುದಕ್ಕಿಂತ ಎಷ್ಟೋ ಉಪಯೋಗ.

ನಿಮ್ಮ ಪತ್ರಿಕೆಯಲ್ಲೂ ಇಂಟರ್ನ್‌ಶಿಪ್ ಪ್ರಕಟಣೆಗಳು ಬರುತ್ತವೆ. ದಯವಿಟ್ಟು ಕೆಲಸ ಏನು, ಎಷ್ಟು ದಿನ, ಕಲಿಸುವವರು ಯಾರು, ಎಷ್ಟು ಕೊಡುತ್ತಾರೆ ಅಂತ ಬರೆದಿದ್ದರೆ ಮಾತ್ರ ಹಾಕಿ. ಸಂಬಳ ಇಲ್ಲ ಅಂದರೆ ಇಲ್ಲ ಅಂತಲೇ ಇರಲಿ, ಹೋಗುವವರು ಯೋಚನೆ ಮಾಡಿ ಹೋಗುತ್ತಾರೆ. ಹೋಗಿ ಬಂದವರ ಅನುಭವಕ್ಕೂ ಸ್ವಲ್ಪ ಜಾಗ ಕೊಡಿ, ಹೊಗಳಿಕೆ ಮಾತ್ರ ಅಲ್ಲ, ದೂರೂ ಬರಲಿ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ