ಮನೆಯ ಕಂಪ್ಯೂಟರಿಗೆ ಟಾರ್ ಬ್ರೌಸರ್: ಪುಟ್ಟಿಗೆ ಚಿಕ್ಕಪ್ಪನ ಪತ್ರ

ಶಿವಮೊಗ್ಗ

ಚಿ. ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮನೆಮಂದಿಯೆಲ್ಲ ಕೂರುವ ಕಂಪ್ಯೂಟರಿನಲ್ಲಿ ಒಂದು ಕಾಯಿಲೆಯ ವಿಷಯ ಹುಡುಕಿದ್ದಕ್ಕೆ ಈಗ ಅಪ್ಪ ಪೇಪರ್ ಓದಲು ಕೂತರೂ ಅದೇ ಕಾಯಿಲೆಯ ಜಾಹೀರಾತು ಬರುತ್ತಿದೆ ಎಂದು ಬರೆದಿದ್ದೀಯ. ನಾವು ಎಲ್ಲಿಂದ ಬಂದೆವೆಂದು ತಾಣಗಳಿಗೆ ತಿಳಿಯಗೊಡದ ಟಾರ್ ಬ್ರೌಸರ್ ಹಾಕಿಕೊಳ್ಳಲೇ ಎಂದೂ ಕೇಳಿದ್ದೀಯ. ಹಾಕಿಕೋ. ಅದೇನೋ ಕಳ್ಳತನದ ಕೆಲಸ ಎಂಬ ಅಳುಕು ಬೇಡ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿದೆ. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಟಾರ್ ಬಳಸುವುದು ನಮ್ಮಲ್ಲಿ ಅಪರಾಧವಲ್ಲ. ಅದರ ಮರೆಯಲ್ಲಿ ಅಪರಾಧ ಮಾಡಿದರೆ ಅದು ಅಪರಾಧವೇ, ಅಷ್ಟೆ.

ಒಂದು ಮಾತನ್ನು ಮಾತ್ರ ಮೊದಲೇ ತಲೆಗೆ ಹಾಕಿಕೋ. ಟಾರ್ ಮುಚ್ಚುವುದು ನೀನು ಎಲ್ಲಿಂದ ಬಂದೆ ಎಂಬುದನ್ನು. ನೀನು ಯಾರು ಎಂದು ನೀನೇ ಹೇಳಿಬಿಟ್ಟರೆ ಅದು ಏನೂ ಮಾಡಲಾರದು. ಹಾಕಿಕೊಳ್ಳುವ ಕೆಲಸ ಅರ್ಧ ಗಂಟೆಯದು. ಬಳಸುವ ಶಿಸ್ತು ಯಾವಾಗಲೂ ಇರಬೇಕು.

ಅದು ಕೆಲಸ ಮಾಡುವ ಬಗೆ ಹೀಗೆ. ಒಂದರೊಳಗೊಂದು ಮೂರು ಲಕೋಟೆ ಇಟ್ಟು ಅಂಚೆಗೆ ಹಾಕಿದಂತೆ ನಿನ್ನ ಕೋರಿಕೆ ಮೂರು ಕಂಪ್ಯೂಟರುಗಳನ್ನು ದಾಟಿ ಹೋಗುತ್ತದೆ. ಇವುಗಳಿಗೆ ರಿಲೇ ಎನ್ನುತ್ತಾರೆ. ಪ್ರಪಂಚದ ಬೇರೆ ಬೇರೆ ದೇಶಗಳಲ್ಲಿ ಸ್ವಯಂಸೇವಕರು ನಡೆಸುವ ಇಂಥವು ಸಾವಿರಾರು ಇವೆ. ಮೊದಲನೆಯದಕ್ಕೆ ನಿನ್ನ ಮನೆ ಗೊತ್ತು, ನೀನು ಹೋಗುವ ತಾಣ ಗೊತ್ತಿಲ್ಲ. ಕೊನೆಯದಕ್ಕೆ ತಾಣ ಗೊತ್ತು, ಮನೆ ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಈ ಉಪಾಯ 1990ರ ದಶಕದ ನಡುವಿನಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಹುಟ್ಟಿತು. 2006ರಿಂದ ಟಾರ್ ಪ್ರಾಜೆಕ್ಟ್ ಎಂಬ ಲಾಭದಾಸೆಯಿಲ್ಲದ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಬ್ರೌಸರ್ ಎಂದರೆ ಒಳಗೆ ಫೈರ್‌ಫಾಕ್ಸೇ, ಗುರುತು ಬಿಟ್ಟುಕೊಡದಂತೆ ತಿದ್ದಿದ್ದು. ಮೂರು ದೇಶ ಸುತ್ತಿ ಬರುವುದರಿಂದ ನಿಧಾನ, ಅದನ್ನು ಸಹಿಸಿಕೊಳ್ಳಬೇಕು. ಇನ್‌ಕಾಗ್ನಿಟೋ ಕಿಟಕಿ ಇದಕ್ಕೆ ಸಾಟಿಯಲ್ಲ. ಅದು ನಿನ್ನ ಕಂಪ್ಯೂಟರಿನಲ್ಲಿ ಚರಿತ್ರೆ ಉಳಿಯದಂತೆ ನೋಡಿಕೊಳ್ಳುತ್ತದೆ, ನೀನು ಎಲ್ಲಿಂದ ಬಂದೆ ಎಂಬುದನ್ನು ಹೊರಗಿನವರಿಂದ ಮುಚ್ಚುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್‌ನಿಂದ ಒಂದು ಫುಲ್ ಸ್ಕ್ಯಾನ್ ಮಾಡು. ಅಂಗಡಿಯಲ್ಲಿ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಸಿದ್ದರೆ ಇದು ಇನ್ನೂ ಮುಖ್ಯ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಕದಿಯುವ ತಂತ್ರಾಂಶ ಒಳಗೇ ಕೂತಿದ್ದರೆ ಟಾರ್ ಹಾಕಿಯೂ ವ್ಯರ್ಥ. ವಿಂಡೋಸ್ 10ಕ್ಕೆ ನಿಯಮಿತ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ ಎಂಬುದೂ ನೆನಪಿರಲಿ. ಯಂತ್ರ ತಾಳಿಕೊಳ್ಳುವಂತಿದ್ದರೆ ವಿಂಡೋಸ್ 11ಕ್ಕೆ ಹೋಗು, ಇಲ್ಲವಾದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸು. ವಿಂಡೋಸ್ 7, 8ರಲ್ಲಿ ಹೊಸ ಟಾರ್ ಬ್ರೌಸರ್ ನಡೆಯುವುದಿಲ್ಲ. ಆಮೇಲೆ ನಿನ್ನದೇ ಪಾಸ್‌ವರ್ಡ್ ಇರುವ ಪ್ರತ್ಯೇಕ ಯೂಸರ್ ಅಕೌಂಟ್ ಮಾಡಿಕೋ. ಟಾರ್ ಬ್ರೌಸರ್ ಮುಚ್ಚಿದಾಗ ನೋಡಿದ ಪುಟಗಳ ಚರಿತ್ರೆ, ತಾಣಗಳು ಇಟ್ಟುಹೋಗುವ ಕುಕಿ ಎಂಬ ಗುರುತುಗಳು ಅಳಿದುಹೋಗುತ್ತವೆ ನಿಜ, ಆದರೆ ಡೌನ್‌ಲೋಡ್ ಮಾಡಿದ ಕಡತ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತದೆ. ಈ ಪ್ರೋಗ್ರಾಂ ನಡೆದಿತ್ತು ಎಂಬ ಕುರುಹನ್ನೂ ವಿಂಡೋಸ್ ತನ್ನಷ್ಟಕ್ಕೆ ಇಟ್ಟುಕೊಳ್ಳಬಹುದು.

ಇಳಿಸಿಕೊಳ್ಳುವುದು ಟಾರ್‌ಪ್ರಾಜೆಕ್ಟ್ ಡಾಟ್ ಆರ್ಗ್ ತಾಣದಿಂದ ಮಾತ್ರ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಕೊಂಡಿ, ಯಾರೋ ಟೆಲಿಗ್ರಾಂ ಗುಂಪಿನಲ್ಲಿ ಹಾಕಿದ ಕಡತ, ಗೆಳತಿಯ ಪೆನ್ ಡ್ರೈವ್, ಇವು ಯಾವುವೂ ಬೇಡ. ವಿಳಾಸವನ್ನು ಕೈಯಾರೆ ಟೈಪ್ ಮಾಡು. ಕಡತ ನೂರು ಎಂಬಿಯ ಆಸುಪಾಸು, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಸಾಗುತ್ತದೆ. ತಾಣವೇ ತೆರೆಯದಿದ್ದರೆ ಗೆಟ್‌ಟಾರ್ ಎಂಬ ಅವರದೇ ಇಮೇಲ್ ವಿಳಾಸಕ್ಕೆ ವಿಂಡೋಸ್ ಎಂದು ಬರೆದು ಕಳಿಸಿದರೆ ಬೇರೆ ಕೊಂಡಿಗಳು ಬರುತ್ತವೆ.

ಇಳಿದ ಕಡತ ನಿಜಕ್ಕೂ ಟಾರ್‌ನವರದೇ ಎಂದು ತೆರೆಯುವ ಮುನ್ನ ಪರೀಕ್ಷಿಸು. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ. ಸುಲಭದ್ದು ಮೊದಲು: ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆ, ಡಿಜಿಟಲ್ ಸಿಗ್ನೇಚರ್ಸ್ ಎಂಬಲ್ಲಿ ಟಾರ್ ಪ್ರಾಜೆಕ್ಟ್ ಸಂಸ್ಥೆಯ ಹೆಸರಿದೆಯೇ ನೋಡು. ಪೂರ್ತಿ ಪರೀಕ್ಷೆಗೆ ಜಿಪಿಜಿ4ವಿನ್ ಎಂಬ ಉಚಿತ ತಂತ್ರಾಂಶ ಹಾಕಿಕೋ. ಜೊತೆಗೆ ಕ್ಲಿಯೋಪಾಟ್ರಾ ಎಂಬ ಕಿಟಕಿ ಬರುತ್ತದೆ. ಡೌನ್‌ಲೋಡ್ ಗುಂಡಿಯ ಕೆಳಗೇ ಸಿಗ್ನೇಚರ್ ಎಂಬ ಚಿಕ್ಕ ಕೊಂಡಿ ಇರುತ್ತದೆ. ಆ ಸಹಿ ಕಡತವನ್ನೂ ಅದೇ ಫೋಲ್ಡರಿಗೆ ಇಳಿಸು. ಕ್ಲಿಯೋಪಾಟ್ರಾದಲ್ಲಿ ಟಾರ್ ಬ್ರೌಸರ್ ತಯಾರಕರ ಕೀಲಿಯನ್ನು, ಅಂದರೆ ಅವರ ಸಹಿಯನ್ನು ತಾಳೆ ನೋಡುವ ಸಂಕೇತವನ್ನು, ಸರ್ವರಿನಿಂದ ಹುಡುಕಿ ತಂದುಕೋ. ಅದರ ಫಿಂಗರ್‌ಪ್ರಿಂಟ್, ಅಂದರೆ ಗುರುತಿನ ಸಾಲು, 40 ಅಕ್ಷರಾಂಕಿಗಳದು, ಕೊನೆಯ ಎಂಟು 9329 8290. ಕೊನೆಯ ಎಂಟು ಮಾತ್ರ ಹೊಂದಿದರೆ ಸಾಲದು, ಅಷ್ಟನ್ನು ಬೇಕೆಂದೇ ಹೊಂದಿಸಿ ನಕಲಿ ಕೀಲಿ ಮಾಡಬಹುದು. ಟಾರ್ ತಾಣದ ಸಹಾಯ ಪುಟದಲ್ಲಿರುವ ಪೂರ್ತಿ ಸಾಲಿನೊಂದಿಗೆ ಹೋಲಿಸು, ಸಾಧ್ಯವಾದರೆ ಆ ಪುಟವನ್ನು ಬೇರೆ ಜಾಲದಲ್ಲಿರುವ ಫೋನಿನಲ್ಲಿ ತೆರೆದು. ಆಮೇಲೆ ಆ ಸಹಿ ಕಡತವನ್ನು ಕ್ಲಿಯೋಪಾಟ್ರಾದಲ್ಲಿ ತೆರೆದು ಪರೀಕ್ಷಿಸು. ಪರೀಕ್ಷೆ ಮುಗಿದಾಗ ಈ ಕೀಲಿಯನ್ನು ನೀನು ದೃಢೀಕರಿಸಿಲ್ಲ ಎಂಬ ಎಚ್ಚರಿಕೆ ಬಂದರೆ ಹೆದರಬೇಡ, ಅದು ಸಹಜ. ಸಹಿ ತಪ್ಪು, ಅಂದರೆ ಬ್ಯಾಡ್ ಸಿಗ್ನೇಚರ್, ಎಂದು ಬಂದರೆ ಮಾತ್ರ ಕಡತ ಅಳಿಸಿ ಮತ್ತೆ ಇಳಿಸು. ಸಾಮಾನ್ಯವಾಗಿ ಅದು ನಡುವೆ ಲೈನ್ ಕಡಿದು ಅರ್ಧಂಬರ್ಧ ಇಳಿದ ಕಡತವಾಗಿರುತ್ತದೆ, ಆದರೂ ತೆರೆದು ನೋಡುವ ಸಾಹಸ ಬೇಡ.

ಹಾಕುವಾಗ ಅದು ಡೆಸ್ಕ್‌ಟಾಪಿನ ಮೇಲೆ ಒಂದು ಫೋಲ್ಡರ್ ಮಾಡಿಕೊಳ್ಳುತ್ತದೆ. ಅಲ್ಲೇ ಇರಲಿ. ಪ್ರೋಗ್ರಾಂ ಫೈಲ್ಸ್ ಒಳಗೆ ತುರುಕಿದರೆ ತನ್ನದೇ ಫೋಲ್ಡರಿನಲ್ಲಿ ಬರೆದುಕೊಳ್ಳಲು ಅನುಮತಿ ಸಿಗದೆ ಅಪ್‌ಡೇಟ್ ಕೆಡುತ್ತದೆ. ಬೇಡವಾದ ದಿನ ಆ ಫೋಲ್ಡರ್ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಆಯಿತು.

ತೆರೆದ ಮೇಲೆ ಕನೆಕ್ಟ್ ಒತ್ತು. ಮೊದಲ ಸಲ ರಿಲೇಗಳ ಪಟ್ಟಿ ತರಿಸಿಕೊಳ್ಳುವುದರಿಂದ ಒಂದೆರಡು ನಿಮಿಷ ಹಿಡಿಯಬಹುದು. ಅಲ್ಲೇ ನಿಂತುಬಿಟ್ಟರೆ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಕಂಪ್ಯೂಟರಿನ ಗಡಿಯಾರವನ್ನು. ನಿಮ್ಮ ಡೆಸ್ಕ್‌ಟಾಪ್ ಹಳೆಯದು, ಮದರ್‌ಬೋರ್ಡಿನ ಮೇಲಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟು ಹೋದಾಗೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ, ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಕರೆಂಟು ಹೋಗುವುದಕ್ಕೆ ಲೆಕ್ಕವಿಲ್ಲ. ಆ ರಿಲೇ ಪಟ್ಟಿಯ ಆಯುಸ್ಸು ಮೂರೇ ಗಂಟೆ. ಗಡಿಯಾರ ತಪ್ಪಿದ್ದರೆ ತಾಜಾ ಪಟ್ಟಿಯೂ ಟಾರ್‌ಗೆ ಅವಧಿ ಮುಗಿದದ್ದಾಗಿಯೋ ಇನ್ನೂ ಹುಟ್ಟದ್ದಾಗಿಯೋ ಕಾಣುತ್ತದೆ, ಮುಂದೆ ಹೋಗದಿರಬಹುದು. ಗಂಟೆ ಸರಿಯಿದ್ದೂ ಟೈಮ್ ಝೋನ್ ಲಂಡನ್ನಿನದಾಗಿದ್ದರೆ ನಾಲ್ಕೂವರೆಯಿಂದ ಐದೂವರೆ ಗಂಟೆಯ ವ್ಯತ್ಯಾಸ ಬೀಳುತ್ತದೆ. ಇದು ಕಣ್ಣಿಗೆ ಬೀಳದ ತಪ್ಪು, ತಪ್ಪದೆ ನೋಡು. ಸೆಟಿಂಗ್ಸ್‌ನಲ್ಲಿ ಭಾರತದ ಝೋನ್ ಆರಿಸಿ ಸಿಂಕ್ ನೌ ಒತ್ತು. ಪ್ರತಿ ಸಲ ಕರೆಂಟು ಹೋದಾಗಲೂ ಹೀಗೇ ಆದರೆ ಸೆಲ್ ಬದಲಿಸಬೇಕು. ಅದರ ಮೇಲೆ ಸಿಆರ್2032 ಎಂದಿರುತ್ತದೆ, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಮೈಯ ಸ್ಥಾಯೀವಿದ್ಯುತ್ ಕಳೆದುಕೊಂಡು, ಪಕ್ಕದ ಕ್ಲಿಪ್ ಮೆಲ್ಲಗೆ ಒತ್ತಿದರೆ ಹಳೆಯದು ಮೇಲೇಳುತ್ತದೆ. ಪ್ಲಸ್ ಗುರುತು ಮೇಲಾಗುವಂತೆ ಹೊಸದನ್ನು ಕೂರಿಸು. ಆಮೇಲೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಕಂಪ್ಯೂಟರಿನ ಮೂಲ ಸೆಟಿಂಗ್ಸ್‌ನಲ್ಲಿ, ತಾರೀಖು ಸರಿಮಾಡು.

ಗಡಿಯಾರ ಸರಿಯಿದ್ದೂ ಸಂಪರ್ಕವಾಗದಿದ್ದರೆ ಆಂಟಿವೈರಸ್ ತಡೆಯುತ್ತಿರಬಹುದು, ಅದರಲ್ಲಿ ಟಾರ್‌ಗೆ ಅನುಮತಿ ಕೊಡು. ಅದೂ ಅಲ್ಲವಾದರೆ ಇಂಟರ್‌ನೆಟ್ ಕೊಡುವವರ ಕಡೆಯಿಂದ ಅಡ್ಡಿಯಿರಬಹುದು. ಸೆಟಿಂಗ್ಸ್‌ನ ಕನೆಕ್ಷನ್ ಪುಟದಲ್ಲಿ ಬ್ರಿಡ್ಜ್ ಎಂಬುದಿದೆ. ಬ್ರಿಡ್ಜ್ ಎಂದರೆ ಬಹಿರಂಗ ಪಟ್ಟಿಯಲ್ಲಿಲ್ಲದ ಮೊದಲ ರಿಲೇ. ಅದರಲ್ಲಿ ಹಲವು ಬಗೆ. ಮೊದಲು ಒಬ್‌ಫ್ಸ್4 ಪ್ರಯತ್ನಿಸು, ಆಗದಿದ್ದರೆ ಸ್ನೋಫ್ಲೇಕ್. ಅಡ್ಡಿಯಿಲ್ಲದಿದ್ದರೆ ಬ್ರಿಡ್ಜ್ ಬಳಸಬೇಡ, ಅವು ನಿಜಕ್ಕೂ ಅಡ್ಡಿಯಿರುವ ದೇಶಗಳವರಿಗೆ ಬೇಕು.

ಟಾರ್ ಜೊತೆಗೆ ವಿಪಿಎನ್, ಅಂದರೆ ನಿನ್ನ ಸಂಪರ್ಕವನ್ನು ಒಂದು ಕಂಪನಿಯ ಸರ್ವರಿನ ಮೂಲಕ ಹಾಯಿಸುವ ಸೇವೆ, ಬೇಕೇ? ಬೇಡ. ಟಾರ್ ಬಲ್ಲವರೂ ಸಾಮಾನ್ಯರಿಗೆ ಅದನ್ನು ಸೂಚಿಸುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮೊದಲಾದವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ನಡುವೆ ಇನ್ನೊಬ್ಬನನ್ನು ನಂಬುವ ಅಗತ್ಯ ನಿನಗಿಲ್ಲ.

ಇನ್ನು ಬಳಕೆ. ಟಾರ್ ಬ್ರೌಸರಿನ ಬಲವಿರುವುದು ಅದನ್ನು ಬಳಸುವವರೆಲ್ಲ ತಾಣಗಳ ಕಣ್ಣಿಗೆ ಒಂದೇ ಥರ ಕಾಣುವುದರಲ್ಲಿ. ಅದಕ್ಕೇ ಏನನ್ನೂ ಸಿಂಗರಿಸಬೇಡ: ಬ್ರೌಸರಿಗೆ ಸೇರಿಸುವ ಹೊಸ ಆಡ್-ಆನ್ ಬೇಡ, ಥೀಮ್ ಬೇಡ, ಜಾಹೀರಾತು ತಡೆಯುವ ಸಾಧನವೂ ಬೇಡ. ಕಿಟಕಿ ದೊಡ್ಡದು ಮಾಡಿದಾಗ ಅಂಚಿನಲ್ಲಿ ಖಾಲಿ ಪಟ್ಟಿ ಕಂಡರೆ ಅದು ದೋಷವಲ್ಲ. ಪುಟದ ಅಗಲವನ್ನು 200 ಪಿಕ್ಸೆಲ್, ಎತ್ತರವನ್ನು 100 ಪಿಕ್ಸೆಲ್‌ಗಳ ಗುಣಕಗಳಿಗೆ ಇಳಿಸಿ ನಿನ್ನ ಪರದೆಯ ನಿಜ ಅಳತೆ ತಿಳಿಯದಂತೆ ಅದು ಮಾಡುತ್ತದೆ. ಇಂಗ್ಲಿಷ್ ಪುಟಗಳನ್ನೇ ಕೇಳಲೇ ಎಂದು ಬ್ರೌಸರ್ ಕೇಳಿದರೆ ಹೂಂ ಅನ್ನು. ಕನ್ನಡ ತಾಣಗಳು ಕನ್ನಡದಲ್ಲೇ ತೆರೆಯುತ್ತವೆ. ನಿನ್ನ ಭಾಷೆಯ ಆಯ್ಕೆ ಗುರುತಾಗದಿರಲಿ ಎಂಬುದಷ್ಟೇ ಉದ್ದೇಶ.

ಸುರಕ್ಷತೆಯ ಮಟ್ಟ ಮೂರಿವೆ. ಸ್ಟ್ಯಾಂಡರ್ಡ್‌ನಲ್ಲಿ ಎಲ್ಲವೂ ನಡೆಯುತ್ತದೆ. ಸೇಫರ್‌ನಲ್ಲಿ ಎಚ್‌ಟಿಟಿಪಿಎಸ್ ಎಂಬ ಬೀಗ ಹಾಕಿದ ಸಂಪರ್ಕ ಇಲ್ಲದ ಪುಟಗಳಲ್ಲಿ ಜಾವಾಸ್ಕ್ರಿಪ್ಟ್, ಅಂದರೆ ತಾಣ ನಿನ್ನ ಬ್ರೌಸರಿನಲ್ಲಿ ಓಡಿಸುವ ಪ್ರೋಗ್ರಾಂ, ನಿಲ್ಲುತ್ತದೆ, ವಿಡಿಯೋ ಒತ್ತಿದರಷ್ಟೇ ಓಡುತ್ತದೆ. ಸೇಫೆಸ್ಟ್‌ನಲ್ಲಿ ಜಾವಾಸ್ಕ್ರಿಪ್ಟ್ ಎಲ್ಲ ಕಡೆಯೂ ಬಂದ್, ಅರ್ಧ ತಾಣಗಳು ಮುರಿದಂತೆ ಕಾಣುತ್ತವೆ. ನಿನಗೆ ಸೇಫರ್ ಸಾಕು. ಬದಲಿಸಿದ ಮೇಲೆ ಬ್ರೌಸರ್ ಮುಚ್ಚಿ ತೆರೆ. ಕೊನೆಯ ರಿಲೇಯಿಂದಾಚೆಗೆ ಟಾರ್‌ನ ಬೀಗ ಇರುವುದಿಲ್ಲ. ಎಚ್‌ಟಿಟಿಪಿಎಸ್ ಇಲ್ಲದ ತಾಣವಾದರೆ ಆ ಕೊನೆಯ ರಿಲೇಯನ್ನು ನಡೆಸುವವನು ಎಲ್ಲವನ್ನೂ ಓದಬಲ್ಲ. ಆ ಬಗ್ಗೆ ಎಚ್ಚರಿಕೆಯ ಪುಟ ಬಂದರೆ ಹಿಂದಿರುಗು.

ಬ್ಯಾಂಕು, ಪಹಣಿ, ನಿನ್ನ ಹೆಸರಿನ ಇಮೇಲ್, ಫೇಸ್‌ಬುಕ್ ಇವನ್ನೆಲ್ಲ ಎಂದಿನ ಬ್ರೌಸರಿನಲ್ಲೇ ನೋಡು. ಬ್ಯಾಂಕಿಗೆ ಟಾರ್ ಮೂಲಕ ಹೋದರೆ ಯಾವುದೋ ದೇಶದಿಂದ ಬಂದಂತೆ ಕಂಡು ಖಾತೆ ತಡೆಹಿಡಿಯಬಹುದು. ಹೆಸರಿನ ಖಾತೆಗೆ ಲಾಗಿನ್ ಆದ ಕ್ಷಣವೇ ಆ ತಾಣಕ್ಕೆ ನೀನು ಯಾರೆಂದು ತಿಳಿಯುತ್ತದೆ. ಒಟಿಪಿಯೂ ಅಷ್ಟೇ, ಸಿಮ್ ಗುರುತಿನ ಚೀಟಿ ಕೊಟ್ಟು ತೆಗೆದದ್ದು, ನಂಬರ್ ಕೊಟ್ಟರೆ ಹೆಸರು ಕೊಟ್ಟಂತೆ. ಒಂದು ಕೆಲಸ ಮುಗಿಸಿ ಅದಕ್ಕೆ ಸಂಬಂಧವಿಲ್ಲದ ಇನ್ನೊಂದಕ್ಕೆ ಹೋಗುವಾಗ ನ್ಯೂ ಐಡೆಂಟಿಟಿ ಒತ್ತು: ಕಂಟ್ರೋಲ್, ಶಿಫ್ಟ್, ಯು. ಟ್ಯಾಬುಗಳೆಲ್ಲ ಮುಚ್ಚಿ ಹೊಸದಾಗಿ ತೆರೆಯುತ್ತದೆ. ಒಂದು ತಾಣ ಮಾತ್ರ ತೆರೆಯದಿದ್ದರೆ ಕಂಟ್ರೋಲ್, ಶಿಫ್ಟ್, ಎಲ್. ಅದಕ್ಕಷ್ಟೇ ದಾರಿ ಬದಲಾಗುತ್ತದೆ. ನೀನು ರೋಬೋಟ್ ಅಲ್ಲವೆಂದು ತೋರಿಸು ಎನ್ನುವ ಚಿತ್ರಪರೀಕ್ಷೆಗಳೂ ಹೆಚ್ಚು ಬರುತ್ತವೆ. ಕೊನೆಯ ರಿಲೇಗಳ ಪಟ್ಟಿ ಬಹಿರಂಗವಾಗಿರುವುದರಿಂದ ತಾಣಗಳಿಗೆ ಇದು ಟಾರ್ ಎಂದು ಗೊತ್ತಾಗುತ್ತದೆ.

ಇಳಿಸಿಕೊಂಡ ಪಿಡಿಎಫ್, ವರ್ಡ್ ಕಡತಗಳನ್ನು ಇಂಟರ್‌ನೆಟ್ ಕಡಿದು ತೆರೆ. ಅವುಗಳೊಳಗಿನ ಕೊಂಡಿಗಳು ಟಾರ್ ದಾಟಿ ನೇರವಾಗಿ ಹೊರಗೆ ಹೋಗಬಲ್ಲವು. ಟೊರೆಂಟ್ ಯಾವ ಕಾರಣಕ್ಕೂ ಬೇಡ, ಅದು ನಿನ್ನ ನಿಜ ಐಪಿ ವಿಳಾಸ, ಅಂದರೆ ಇಂಟರ್‌ನೆಟ್ಟಿನಲ್ಲಿ ನಿನ್ನ ಸಂಪರ್ಕದ ಗುರುತು ಸಂಖ್ಯೆ, ಬಿಟ್ಟುಕೊಡುತ್ತದೆ, ಜಾಲಕ್ಕೂ ಹೊರೆ. ಫೋನಿನಲ್ಲಿ ತೆಗೆದ ಫೋಟೋ ಹಾಕಬೇಡ. ಲೊಕೇಶನ್ ಆನ್ ಇದ್ದರೆ ತೋಟದ ಅಕ್ಷಾಂಶ ರೇಖಾಂಶ ಅದರೊಳಗೇ ಕೂತಿರುತ್ತದೆ.

ಪುಟ್ಟೀ, ನಮ್ಮಂಥ ಸಣ್ಣ ಊರಿನವರು ಇನ್ನೊಂದು ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು. ನೀನು ಏನು ನೋಡುತ್ತೀ ಎಂಬುದು ಇಂಟರ್‌ನೆಟ್ ಕೊಡುವವರಿಗೆ ಕಾಣದು, ಆದರೆ ಟಾರ್ ಬಳಸುತ್ತೀ ಎಂಬುದು ಕಾಣುತ್ತದೆ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಟಾರ್ ಮೂಲಕ ಹುಸಿ ಬಾಂಬ್ ಬೆದರಿಕೆ ಕಳಿಸಿದ ವಿದ್ಯಾರ್ಥಿ ಸಿಕ್ಕಿಬಿದ್ದದ್ದು ಟಾರ್ ಒಡೆದು ಅಲ್ಲ, ಆ ಹೊತ್ತಿಗೆ ಅಲ್ಲಿನ ವೈಫೈಯಲ್ಲಿ ಟಾರ್ ಬಳಸಿದವರು ಯಾರೆಂದು ನೋಡಿ. ಅವನು ಮಾಡಿದ್ದು ತಪ್ಪು ಕೆಲಸ, ಸಿಕ್ಕಿದ್ದು ಸರಿ. ಆದರೆ ಒಳ್ಳೆಯ ಕಾರಣಕ್ಕೆ ಮರೆ ಬಯಸುವವರನ್ನೂ ಅದೇ ದಾರಿಯಲ್ಲಿ ಹಿಡಿಯಬಹುದು. ಹಳ್ಳಿಯಲ್ಲಿ ಟಾರ್ ಬಳಸುವವಳು ನೀನೊಬ್ಬಳೇ ಇರಬಹುದು. ಎಲ್ಲಾದರೂ ಹೆಸರಿಲ್ಲದೆ ಪ್ರಶ್ನೆ ಕೇಳುವಾಗ ಕವಲೇದುರ್ಗದ ಹತ್ತಿರದ ಊರು, ಅಡಿಕೆ ತೋಟ, ಎಂಎಸ್ಸಿ ಓದಿದ ಹುಡುಗಿ ಎಂದು ಮೂರು ವಿವರ ಕೊಟ್ಟರೆ ಊರಿನವರು ಯಾರಾದರೂ ಬೆರಳು ತೋರಿಸುತ್ತಾರೆ. ಊರನ್ನು ಹೇಳಬೇಡ, ವಯಸ್ಸನ್ನು ಹೇಳಬೇಡ, ಡಾಕ್ಟರ ಹೆಸರಂತೂ ಬೇಡವೇ ಬೇಡ. ಕಾಯಿಲೆಯ ವಿವರವಷ್ಟೇ ಸಾಕು.

ಟಾರ್ ಜಾಲಕ್ಕೆ ನೀನೂ ಸಹಾಯ ಮಾಡಬೇಕೆನಿಸಿದರೆ ಮಾಮೂಲಿ ಫೈರ್‌ಫಾಕ್ಸಿಗೆ ಸ್ನೋಫ್ಲೇಕ್ ಎಕ್ಸ್‌ಟೆನ್ಷನ್ ಹಾಕು, ಸಾಕು. ಕೊನೆಯ ರಿಲೇಯನ್ನು ಮನೆಯಿಂದ ನಡೆಸಬೇಡ. ಯಾರದೋ ತಪ್ಪಿನ ದೂರು ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಏನೂ ಉಳಿಯಬಾರದು ಎನ್ನುವ ದಿನ ಬಂದರೆ ಟೇಲ್ಸ್ ಎಂಬುದಿದೆ, 8 ಜಿಬಿಯ ಪೆನ್ ಡ್ರೈವಿನಿಂದ ಓಡುವ ಪೂರ್ತಿ ವ್ಯವಸ್ಥೆ. ಅದರ ಬಗ್ಗೆ ಬೇಕಾದಾಗ ಕೇಳು.

ಅಪ್‌ಡೇಟ್ ಬಂದಿದೆ ಎಂದಾಗ ಮುಂದೂಡಬೇಡ. ಎಲ್ಲಾದರೂ ನಿಂತರೆ ಕನೆಕ್ಷನ್ ಪುಟದ ಕೆಳಗೆ ವ್ಯೂ ಲಾಗ್ಸ್ ಒತ್ತಿ, ಕಾಪಿ ಮಾಡಿ ನನಗೆ ಕಳಿಸು. ಬ್ರಿಡ್ಜ್ ಹಾಕಿದ್ದರೆ ಅದರ ವಿಳಾಸದ ಸಾಲು ಅಳಿಸಿ ಕಳಿಸು. ಗಡಿಯಾರದ ತಪ್ಪಾದರೆ ಅದರಲ್ಲೇ ಬರೆದಿರುತ್ತದೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ