ನಮ್ಮ ಪ್ಯಾಕೆಟ್ಟಿಗೆ ಹೊಸ ಹೆಸರು

ಪ್ರಿಯ ಗ್ರಾಹಕರಿಗೆ ನಮಸ್ಕಾರ,

ನಮ್ಮ ಸಂಘದ ಕಾಫಿಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ) ಎಲ್ಲವೂ ಇನ್ನು ‘ಮೂರುಕಣ’ ಅನ್ನುವ ಹೆಸರಿನಲ್ಲಿ ಬರುತ್ತವೆ. ಮಾಲೂ ಬೆಲೆಯೂ ಬದಲಾಗಿಲ್ಲ. ಯಾಕೆ ಈ ಹೆಸರು ಅಂತ ಹಲವರು ಫೋನ್ ಮಾಡಿ ಕೇಳುತ್ತಿದ್ದೀರಿ, ಅದಕ್ಕೇ ಈ ಪತ್ರ.

ಹಳೆ ಹೆಸರಿನಲ್ಲಿ ಇದ್ದದ್ದು ‘ಕೂರ್ಗ್’ ಮತ್ತು ‘ಸ್ಪೈಸಸ್’. ಕುಶಾಲನಗರದಿಂದ ಮಡಿಕೇರಿ ತನಕ ರಸ್ತೆ ಬದಿಯ ಬೋರ್ಡು ಓದುತ್ತಾ ಬಂದರೆ ಇವೆರಡೂ ಎಷ್ಟು ಸಲ ಸಿಗುತ್ತವೋ ಲೆಕ್ಕವಿಲ್ಲ. ಮೈಸೂರಿನ ಗ್ರಾಹಕರೊಬ್ಬರು ‘ಏನ್ರೀ, ಈ ಸಲ ಚಿಕೋರಿ ಜಾಸ್ತಿ ಹಾಕಿದ್ದೀರಲ್ಲ’ ಅಂತ ಬೇಜಾರು ಮಾಡಿಕೊಂಡರು. ನಾವು ಚಿಕೋರಿ ಬೆರೆಸುವುದೇ ಇಲ್ಲ. ಪ್ಯಾಕೆಟ್ಟಿನ ಫೋಟೊ ತರಿಸಿ ನೋಡಿದರೆ ಅದು ಬೇರೆಯವರ ಪುಡಿ. ಹೆಸರು ಮಾತ್ರ ಹೆಚ್ಚುಕಡಿಮೆ ನಮ್ಮದೇ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ಕಾಫಿ 60, ಚಿಕೋರಿ 40’ ಅಂತ ಇತ್ತು. ಅವರು ಮುಚ್ಚಿಟ್ಟು ಮಾರಿಲ್ಲ, ಸುಮ್ನೆ ದೂರಬಾರದು. ಊರಿನ ಹೆಸರಿಗೆ ಮಾಲಿನ ಹೆಸರು ಸೇರಿಸಿ ‘ಇದು ನಮ್ಮದು’ ಅಂತ ಹಿಡಿದುಕೊಳ್ಳೋಕಾಗಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲೂ ಬರೀ ಊರು, ಬರೀ ಮಾಲು ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ.

‘ಕೂರ್ಗ್ ಅರೇಬಿಕಾ ಕಾಫಿ’ಗೆ 2019ರಲ್ಲಿ ಜಿಐ, ಅಂದರೆ ಊರಿನ ಮಾಲಿಗೆ ಕೊಡುವ ಭೌಗೋಳಿಕ ಗುರುತು, ಸಿಕ್ಕಿದೆಯಲ್ಲ, ಅದನ್ನೇ ಹಾಕಿ ಅಂದವರಿದ್ದಾರೆ. ಅದಕ್ಕೆ ಅಧಿಕೃತ ಬಳಕೆದಾರರಾಗಿ ಬೇರೆಯೇ ನೋಂದಾಯಿಸಿಕೊಳ್ಳಬೇಕು. ಅಲ್ಲದೆ ನಮ್ಮ ಪುಡಿಯಲ್ಲಿ ಅರೇಬಿಕಾಗಿಂತ ಇನ್ನೊಂದು ಜಾತಿಯ ಕಾಫಿ, ರೊಬಸ್ಟಾನೇ ಜಾಸ್ತಿ.

ಹೆಸರು ಹುಡುಕೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮೊದಲು ಯಾರು ಏನೇ ಹೇಳಿದರೂ ಬರೆದುಕೊಂಡೆವು, ಜರಡಿ ಹಿಡಿದದ್ದು ಆಮೇಲೆ. ‘ಕಾವೇರಿ’ ತಕ್ಷಣ ಹೋಯಿತು, ಆ ಹೆಸರಿಲ್ಲದ ಅಂಗಡಿ ನಮ್ಮಲ್ಲಿ ಯಾವುದಿದೆ? ‘ಐನ್‌ಮನೆ’ ಅನ್ನುವುದು ಹುಡುಗರಿಗೆ ಬಹಳ ಇಷ್ಟವಾಗಿತ್ತು. ಆದರೆ ಒಕ್ಕದ (ಕೊಡವ ಮನೆತನದ) ಹಿರಿಯರ ಮನೆಯನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿ, ಪುಡಿ ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕಿಸುವುದು ದೊಡ್ಡವರಿಗೆ ಸರಿ ಕಾಣಲಿಲ್ಲ. ಅವರು ಹೇಳಿದ್ದೇ ಸರಿ. ಇನ್ನೂ ಕೆಲವು ಹೆಸರು ಕೇಳೋಕೆ ಚಂದ, ಇಂಗ್ಲಿಷಿನಲ್ಲಿ ಬರೆದರೆ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಉಳಿದವನ್ನು ಫೋನಿನಲ್ಲಿ ಒಂದೇ ಸಲ ಹೇಳಿ, ಆ ಕಡೆಯವರಿಂದ ಬರೆಸಿ ನೋಡಿದೆವು. ಅಲ್ಲೇ ಅರ್ಧ ಉದುರಿದವು. ಕೊನೆಗೆ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹುಡುಕಿದೆವು. ಅಲ್ಲಿ ಹುಡುಕೋಕೆ ದುಡ್ಡು ಕೊಡಬೇಕಿಲ್ಲ. ಕಾಗುಣಿತ ಬೇರೆಯಾಗಿ ಉಚ್ಚಾರ ಒಂದೇ ಥರ ಇದ್ದರೂ ತಕರಾರು ಬರಬಹುದು, ಹಾಗಾಗಿ ಕಿವಿಗೆ ಹತ್ತಿರ ಅನ್ನಿಸಿದ್ದನ್ನೆಲ್ಲ ಬಿಟ್ಟೆವು.

ನಮ್ಮ ಸದಸ್ಯರ ಕಾಫಿ, ಮೆಣಸು ಒಣಗುವುದು ಮೂರು ಕಣಗಳಲ್ಲಿ. ಹಾಗಾಗಿ ಈ ಹೆಸರಿಗೆ ಯಾರ ತಕರಾರೂ ಬರಲಿಲ್ಲ. ಒಬ್ಬರು ಮಾತ್ರ ‘ಜೇನನ್ನೂ ಕಣದಲ್ಲಿ ಒಣಗಿಸ್ತೀರಾ?’ ಅಂತ ಕಾಲೆಳೆದರು. ಅದಕ್ಕೆ ನಮ್ಮ ಹತ್ತಿರ ಉತ್ತರವಿಲ್ಲ!

ಟ್ರೇಡ್‌ಮಾರ್ಕಿಗೆ ಮಾಲುಗಳನ್ನು ವರ್ಗ ವರ್ಗವಾಗಿ ವಿಂಗಡಿಸಿದ್ದಾರೆ. ನಮ್ಮ ನಾಲ್ಕೂ ಮಾಲು 30ನೇ ವರ್ಗದಲ್ಲೇ ಬರುವುದರಿಂದ ಒಂದೇ ವರ್ಗದ ಶುಲ್ಕ ಸಾಕಾಯಿತು. ನೋಂದಣಿ ಆಗುವ ತನಕ ಹೆಸರಿನ ಪಕ್ಕ ‘ಟಿಎಂ’ ಅಂತಷ್ಟೇ ಇರುತ್ತದೆ. ಆದ ಮೇಲೆ ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋಗಬೇಕು.

ನೀವು ಗಮನಿಸಬೇಕಾದ್ದು ಇಷ್ಟೇ. ಸಂಘದ ಹೆಸರು ಬದಲಾಗಿಲ್ಲ, ಹಾಗಾಗಿ ಬಿಲ್ಲಿನಲ್ಲೂ ಯುಪಿಐನಲ್ಲೂ ಮೊದಲಿನಂತೆ ಸಂಘದ ಹೆಸರೇ ಕಾಣುತ್ತದೆ. ಪ್ಯಾಕೆಟ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರೂ ಅದೇ. ಅನುಮಾನ ಬಂದರೆ ಮನೆಯಲ್ಲಿರುವ ಹಳೆ ಪ್ಯಾಕೆಟ್ ಪಕ್ಕ ಇಟ್ಟು ಆ ನಂಬರು ತಾಳೆ ನೋಡಿ. ಹಳೆ ಕವರು ಇನ್ನೂ ಸ್ವಲ್ಪ ಉಳಿದಿದೆ, ಕಾಳುಮೆಣಸು ಕೆಲವರಿಗೆ ಅದರಲ್ಲೇ ಬರಬಹುದು. ಕಾಚಂಪುಳಿ ಬಾಟಲಿಗೆ ಹೊಸ ಚೀಟಿ ಅಂಟಿಸುವುದು ಈ ಮಳೆಗಾಲದ ಹಣ್ಣು ಕಾಯಿಸಿ ಆದ ಮೇಲೆ.

ನಿಮ್ಮ ವಿಶ್ವಾಸಿಗಳು,
ಸಂಘದ ಮಾರಾಟ ವಿಭಾಗ
ಪೊನ್ನಂಪೇಟೆ, ಕೊಡಗು