ಸ್ವಿಚ್ ಮುಟ್ಟಲು ಬಿಡದ ಅಣ್ಣನಿಗೆ

ಪ್ಲಾಸ್ಟಿಕ್ ಪಟ್ಟಿ ನೇಯ್ದು ಚೀಲ ಮಾಡುವ ಕುಶಾಲನಗರದ ನಮ್ಮ ಘಟಕ ಮೊದಲ ಮಳೆಗಾಲ ದಾಟಿತು. ಏನೇನಾಯಿತೆಂದು ನಿಮಗೆಲ್ಲ ಗೊತ್ತೇ ಇದೆ. ಥ್ಯಾಂಕ್ಸ್ ಹೇಳುವುದೊಂದು ಬಾಕಿಯಿತ್ತು.

ಪ್ಲಾಸ್ಟಿಕ್ ಹರಳು ಕರಗಿಸಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರದ ಅಣ್ಣ, ಮೊದಲು ನಿಮಗೆ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುತ್ತಿದ್ದ ರಾತ್ರಿ, ನೀವು ಹೀಟರುಗಳನ್ನು 240 ಡಿಗ್ರಿಯಿಂದ 180ಕ್ಕೆ ಇಳಿಸಿದಿರಿ. ಮಾಲನ್ನು ಮುಂದೆ ತಳ್ಳುವ ಸ್ಕ್ರೂ ನಿಂತು ಹೀಟರ್ ಮಾತ್ರ ಕಾಯುತ್ತಿದ್ದರೆ ಒಳಗಿನ ಪ್ಲಾಸ್ಟಿಕ್, ಅಂದರೆ ಪಾಲಿಪ್ರೊಪಿಲೀನ್, ಸೀದು ಕರಿಚುಕ್ಕೆಯಾಗುತ್ತದೆ, ಚುಕ್ಕೆ ಬಂದಲ್ಲೆಲ್ಲ ಪಟ್ಟಿ ಹರಿಯುತ್ತದೆ. ಆಮೇಲೆ ಕರೆಂಟು ಪೂರ್ತಿ ಹೋಗಿ, ಸ್ಕ್ರೂ ತಿರುಗುವ ಕೊಳವೆಯಾದ ಬ್ಯಾರೆಲ್ ತಣ್ಣಗಾಯಿತು. ಬೆಳಗಿನ ಜಾವ ಕರೆಂಟು ಬಂದದ್ದೇ ತಡ, ಎಲ್ಲರಿಗೂ ಅವಸರ. ನೀವು ಸ್ವಿಚ್ ಮುಟ್ಟಲು ಬಿಡಲಿಲ್ಲ. ಮೀಟರ್ ತೋರಿಸುವುದು ಬ್ಯಾರೆಲ್ ಗೋಡೆಯ ಬಿಸಿ, ನಡುವಿನ ಮಾಲು ಇನ್ನೂ ಕಲ್ಲು. ಈಗ ತಿರುಗಿಸಿದರೆ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಗೇರ್‌ಬಾಕ್ಸ್ ಹೋಗುತ್ತದೆ ಎಂದು ಮೂರು ಗಂಟೆ ಕಾಯಿಸಿದಿರಿ. ಆಮೇಲೆ ನಿಧಾನಕ್ಕೆ ತಿರುಗಿಸಿ, ಕಪ್ಪು ಹೋಗುವ ತನಕ ಮಾಲು ಹೊರಬಿಟ್ಟು, ಸೋಸುವ ಜಾಲರಿ ಬದಲಿಸಿದಿರಿ.

ಗೇರ್‌ಬಾಕ್ಸ್ ಹೋಗಿದ್ದರೆ ರಿಪೇರಿಗೆ ದುಡ್ಡಿರಲಿಲ್ಲ. ಬೀಗ ಹಾಕುವುದೇ ಆಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿಮಗೆ ಗೊತ್ತಿತ್ತು ಅನ್ನಿಸುತ್ತದೆ.

ಪಟ್ಟಿ ಹರಿದಾಗಲೆಲ್ಲ ನಾವು ಹರಳನ್ನು ಬೈಯುತ್ತಿದ್ದೆವು. ನೀವು ತೋರಿಸಿದ್ದು ಹರಳಿಗೆ ಬೆರೆಸುವ ಕ್ಯಾಲ್ಸಿಯಂ ಫಿಲ್ಲರ್‌ನ ಬಾಯಿ ತೆರೆದಿದ್ದ ಚೀಲವನ್ನು. ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ, ಫಿಲ್ಲರ್ ಕೊಡಗಿನ ಮಳೆಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ತೇವ ಮಾಲು ಹೊರಬರುವ ಅಚ್ಚಿನಲ್ಲಿ, ಅಂದರೆ ಡೈಯಲ್ಲಿ, ಆವಿಯಾಗಿ ಗುಳ್ಳೆ ಬೀಳುತ್ತದೆ. ಪಟ್ಟಿಯನ್ನು ಐದಾರು ಪಟ್ಟು ಎಳೆಯುವಾಗ ಅಲ್ಲೇ ಹರಿಯುತ್ತದೆ. ಡ್ರೈಯರಿನಲ್ಲಿ 80 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಸಾಕಿತ್ತು. ತುಂಡನ್ನು ಉಗುರಿನಲ್ಲಿ ಸೀಳಿ ನೋಡುವುದನ್ನೂ ಕಲಿಸಿದಿರಿ: ಉದ್ದಕ್ಕೆ ನಾರು ನಾರಾಗಿ ಬಿಟ್ಟುಕೊಂಡರೆ ಎಳೆತ ಜಾಸ್ತಿ, ತುದಿಯಲ್ಲಿ ಸಣ್ಣ ಕುಳಿ ಕಂಡರೆ ತೇವ.

ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ 2015ರಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕ ಶುರುಮಾಡಿದ್ದರಿಂದ ಮಂಗಳೂರಿನಲ್ಲೇ ಹರಳು ಹುಟ್ಟುತ್ತದೆ. ಅದಿಲ್ಲದಿದ್ದರೆ ಘಟ್ಟದ ಮೇಲೆ ಈ ಕಸುಬಿಗೆ ನಾವು ಕೈಹಾಕುತ್ತಲೇ ಇರಲಿಲ್ಲ. ಹುಟ್ಟಿದರೇನು, ಮೇಲೆ ಬರಬೇಕಲ್ಲ! ಸಂಪಾಜೆ ಘಾಟಿಯಲ್ಲಿ ಭಾರಿ ಲಾರಿ ತಡೆದಾಗ ಹಾಸನ ಸುತ್ತಿ, 25 ಕೆ.ಜಿ.ಯ ಒಂದು ಚೀಲವೂ ನೆನೆಯದಂತೆ ತಂದ ಡ್ರೈವರ್‌ಗಳಿಗೆ, ಲೈನ್‌ಮನ್‌ಗಳಿಗೆ, ಹೊಲಿಗೆಯ ಅಕ್ಕಂದಿರಿಗೆ, ಮುಂಗಡ ಕೊಟ್ಟು ಕಾದ ಶುಂಠಿ ವ್ಯಾಪಾರಿಗಳಿಗೆ ಕೈಮುಗಿದಿದ್ದೇವೆ.

ಅಣ್ಣ, ಫಿಲ್ಲರ್ ಚೀಲದ ಬಾಯಿ ಈಗ ಕಟ್ಟಿಯೇ ಇಡುತ್ತೇವೆ. ಬೇಕಾದರೆ ಹೇಳದೆ ಬಂದು ನೋಡಿ.